ಈಜುಕೊಳದ ಹೊರಗೆ ನಿಂತ ಹೆಣ್ಣುಮಕ್ಕಳು

(ಬುಕ್ಕಾಂಬುಧಿಯಲ್ಲಿ ಸೇರಿದ್ದ ಕುಟುಂಬಗಳ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ತಮ್ಮ ಊರಿನ ಹೆಸರಿನಲ್ಲಿಯೇ ನೀರಿದೆ. ಅಂಬುಧಿಯೆಂದರೆ ಕಡಲು. ಮಳೆಯನ್ನೇ ಕಾದು ಕೂರಬೇಕಾದ ಸೀಮೆಯಲ್ಲಿ ಕೆರೆಯೊಂದನ್ನು ಕಡಲೆಂದು ಕರೆದ ಹಿರಿಯರಿಗೆ ನೀರಿನ ಬೆಲೆ ಗೊತ್ತಿತ್ತು. ಇಂತಹ ಊರಿನಲ್ಲಿ ನಿಂತು ಈಜುಕೊಳದ ಬಗ್ಗೆ ಮಾತನಾಡುವುದು ಕೆಲವರಿಗೆ ವಿಚಿತ್ರವೆನಿಸಬಹುದು. ಈಜುಕೊಳವೆಂಬುದು ಪೇಟೆಯವರ ಶೋಕಿ, ಅದರಲ್ಲಿ ಗಂಡು ಹೆಣ್ಣು ಒಟ್ಟಿಗೆ ಇಳಿಯಬೇಕೇ ಬೇಡವೇ ಎಂಬುದು ಪೇಟೆಯವರ ಜಗಳ, ನಮಗೇಕೆ ಎಂದು ಕೇಳುವವರಿದ್ದಾರೆ.

ನಮಗೇಕೆ ಎಂಬುದಕ್ಕೆ ಎರಡು ಘಟನೆಗಳನ್ನು ನೆನಪಿಸುತ್ತೇವೆ. 2024ರ ನವೆಂಬರ್ 17ರಂದು ಮಂಗಳೂರು ಸಮೀಪದ ಉಚ್ಚಿಲದ ರೆಸಾರ್ಟೊಂದರ ಈಜುಕೊಳದಲ್ಲಿ ಮೈಸೂರಿನ ಮೂವರು ವಿದ್ಯಾರ್ಥಿನಿಯರು ಮುಳುಗಿ ಸತ್ತರು. ಆಳವಿರುವ ಕಡೆಗೆ ಒಬ್ಬಳು ಹೋದಳು, ಅವಳನ್ನು ಎಳೆಯಲು ಇನ್ನೊಬ್ಬಳು, ಅವಳ ಹಿಂದೆ ಮತ್ತೊಬ್ಬಳು. ಮೂವರಿಗೂ ಈಜು ಬರುತ್ತಿರಲಿಲ್ಲ. ಅದಾಗಿ ಒಂದು ತಿಂಗಳೂ ಕಳೆದಿರಲಿಲ್ಲ, ಡಿಸೆಂಬರ್ 10ರಂದು ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ಬಾಲಕಿಯರನ್ನು ಮುರ್ಡೇಶ್ವರದ ಕಡಲು ಎಳೆದುಕೊಂಡಿತು. ಬಯಲುಸೀಮೆಯ ಮಕ್ಕಳು ಅವರು, ನಮ್ಮ ನಿಮ್ಮ ಮಕ್ಕಳ ಹಾಗೆ. ನಮ್ಮ ಹೆಣ್ಣುಮಕ್ಕಳೂ ಇಂದು ಶಿವಮೊಗ್ಗ, ದಾವಣಗೆರೆ, ಬೆಂಗಳೂರಿನಲ್ಲಿ ಓದುತ್ತಾರೆ, ಗೆಳತಿಯರೊಂದಿಗೆ ಪ್ರವಾಸ ಹೋಗುತ್ತಾರೆ. ಅವರ ದಾರಿಯಲ್ಲಿ ಎಲ್ಲಿಯೋ ನೀರು ಬಂದೇ ಬರುತ್ತದೆ. ದೂರ ಹೋಗುವುದೂ ಬೇಡ. ಭದ್ರಾ ಮೇಲ್ದಂಡೆ ಯೋಜನೆಯ ನೀರು 2019ರಿಂದ ಅಜ್ಜಂಪುರದ ಸುರಂಗದ ಮೂಲಕ ವಾಣಿವಿಲಾಸ ಸಾಗರದ ಕಡೆಗೆ ಹರಿದಿದೆ. ಕೆರೆಯ ದಂಡೆ ಇಳಿಜಾರಾಗಿರುತ್ತದೆ, ಕಾಲಿಗೆ ಮಣ್ಣು ಸಿಗುತ್ತದೆ. ಕಾಂಕ್ರೀಟ್ ಕಾಲುವೆಯಲ್ಲಿ ಹಿಡಿದುಕೊಳ್ಳಲು ಒಂದು ಹುಲ್ಲುಕಡ್ಡಿಯೂ ಇರುವುದಿಲ್ಲ.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಪ್ರಕಾರ 2022ರಲ್ಲಿ ನಮ್ಮ ದೇಶದಲ್ಲಿ ಮುಳುಗಿ ಸತ್ತವರು 38 ಸಾವಿರಕ್ಕೂ ಹೆಚ್ಚು. ಅವರಲ್ಲಿ ಗಂಡಸರೇ ಅಧಿಕ ಎಂಬುದು ನಿಜ. ಗಂಡಸರು ನೀರಿನ ಬಳಿಗೆ ಹೋಗುವುದೇ ಹೆಚ್ಚು. ಆದರೆ ನೀರು ತಾನಾಗಿ ಮನುಷ್ಯರ ಬಳಿಗೆ ಬಂದ ದಿನ ಏನಾಯಿತು? 2004ರ ಡಿಸೆಂಬರ್ 26ರ ಸುನಾಮಿಯ ಬಗ್ಗೆ ಆಕ್ಸ್‌ಫಾಮ್ ಸಂಸ್ಥೆ ಮರುವರ್ಷ ಪ್ರಕಟಿಸಿದ ವರದಿಯಂತೆ, ತಮಿಳುನಾಡಿನ ಕಡಲೂರಿನಲ್ಲಿ ಸತ್ತ ಮಹಿಳೆಯರ ಸಂಖ್ಯೆ ಪುರುಷರ ಸಂಖ್ಯೆಯ ಸುಮಾರು ಮೂರು ಪಟ್ಟು. ಕಾರಣಗಳು ಹಲವಿದ್ದವು. ದೋಣಿಗಳು ತರುವ ಮೀನಿಗಾಗಿ ಅವರು ದಡದಲ್ಲಿ ಕಾದಿದ್ದರು, ಮಕ್ಕಳನ್ನು ಬಿಟ್ಟು ಓಡಲು ಒಪ್ಪಲಿಲ್ಲ. ಜೊತೆಗೆ ಗಂಡಸರಿಗೆ ಗೊತ್ತಿದ್ದ ಈಜು ಅವರಿಗೆ ಗೊತ್ತಿರಲಿಲ್ಲ.

ಆದ್ದರಿಂದ ನಾವು ಇಂದು ಎತ್ತುವ ಪ್ರಶ್ನೆ ಇದು: ಗಂಡು ಹೆಣ್ಣು ಒಂದೇ ಕೊಳದಲ್ಲಿ ಇರಬೇಕೇ, ಬೇರೆ ಬೇರೆ ಇರಬೇಕೇ ಎಂದು ನಾವು ವಾದಿಸುತ್ತಿರುವಾಗ ನಮ್ಮ ಮಗಳು ಎಲ್ಲಿದ್ದಾಳೆ? ಅವಳು ಬೇಲಿಯ ಹೊರಗೆ ನಿಂತು ತಮ್ಮನ ಟವೆಲ್ ಹಿಡಿದುಕೊಂಡಿದ್ದಾಳೆ.

ಈ ದೃಶ್ಯ ಹೊಸದಲ್ಲ. ಪವಿತ್ರ ಕುರ್‌ಆನಿನ ಅಲ್‌ಕಸಸ್ ಅಧ್ಯಾಯದಲ್ಲಿ ಹ. ಮೂಸಾ(ಅ)ರು ಮದ್‌ಯನ್‌ನ ನೀರಿನ ತಾಣಕ್ಕೆ ಬಂದ ಪ್ರಸಂಗವಿದೆ. ಅಲ್ಲಿ ಗಂಡಸರ ಗುಂಪು ತಮ್ಮ ಜಾನುವಾರುಗಳಿಗೆ ನೀರು ಕುಡಿಸುತ್ತಿತ್ತು. ಸ್ವಲ್ಪ ದೂರದಲ್ಲಿ ಇಬ್ಬರು ಸ್ತ್ರೀಯರು ತಮ್ಮ ಕುರಿಗಳನ್ನು ತಡೆದು ನಿಲ್ಲಿಸಿಕೊಂಡಿದ್ದರು. ಕುರುಬರೆಲ್ಲ ಹೋಗುವ ತನಕ ತಮಗೆ ಸರದಿ ಇಲ್ಲ, ತಂದೆಯು ವೃದ್ಧರು ಎಂದು ಅವರು ಹೇಳಿದರು. ಆಗ ಮೂಸಾ(ಅ)ರು ಏನು ಮಾಡಿದರು? ಹೆಣ್ಣುಮಕ್ಕಳು ಮನೆಯಿಂದ ಹೊರಗೆ ಬಂದದ್ದೇಕೆ ಎಂದು ಉಪದೇಶಿಸಿದರೇ? ಗಂಡಸರ ನಡುವೆ ನುಗ್ಗಿ ಎಂದರೇ? ಎರಡನ್ನೂ ಮಾಡಲಿಲ್ಲ. ಅವರ ಕುರಿಗಳಿಗೆ ನೀರು ಸಿಗುವಂತೆ ಮಾಡಿ, ನೆರಳಿಗೆ ಸರಿದು ಕುಳಿತರು. ನೀರು ಸಿಕ್ಕಿತು, ಅವರ ಲಜ್ಜೆಯೂ ಉಳಿಯಿತು. ಈ ವಚನಗಳನ್ನು ನಾವು ಎಷ್ಟೋ ಬಾರಿ ಓದಿದ್ದೇವೆ. ಆ ಕುರುಬರ ಸ್ಥಾನದಲ್ಲಿ ನಮ್ಮನ್ನು ಇಟ್ಟು ಓದಿದ್ದೇವೆಯೇ?

ಹೆಂಗಸರಿಗೆ ಪ್ರತ್ಯೇಕ ಸಮಯ ಕೇಳಿದೊಡನೆ ಅದು ಮುಸ್ಲಿಮರ ಹಠ, ಸಮಾಜವನ್ನು ಒಡೆಯುವ ಬೇಡಿಕೆ ಎಂದು ಚೀರುವವರಿದ್ದಾರೆ. ಅವರು ನಮ್ಮ ಸಾರಿಗೆ ಬಸ್ಸನ್ನು ಒಮ್ಮೆ ಹತ್ತಿ ನೋಡಲಿ. ಮಹಿಳೆಯರಿಗೆ ಮೀಸಲು ಎಂದು ಬರೆದ ಆಸನಗಳಿಂದ ಕರ್ನಾಟಕವೇನೂ ಒಡೆದುಹೋಗಿಲ್ಲ. ಆ ಆಸನಗಳಿದ್ದುದರಿಂದ ಎಷ್ಟೋ ಮನೆಗಳ ಹೆಣ್ಣುಮಕ್ಕಳು ಕಾಲೇಜು ತಲುಪಿದರು. ಸಿಡ್ನಿ ನಗರದ ಕೂಜಿಯಲ್ಲಿ ಕಡಲ ದಡದ ಬಂಡೆಗಳ ನಡುವೆ ಮೆಕೈವರ್ಸ್ ಎಂಬ ಮಹಿಳೆಯರ ಈಜುಕೊಳವಿದೆ. ಅಲ್ಲಿಗೆ ಗಂಡಸರಿಗೆ ಪ್ರವೇಶವಿಲ್ಲ. 1995ರಲ್ಲಿ ಅದಕ್ಕೆ ತಾರತಮ್ಯ ನಿಷೇಧ ಕಾನೂನಿನಿಂದ ವಿನಾಯಿತಿಯೂ ದೊರೆಯಿತು. ಲಂಡನ್ನಿನ ಹ್ಯಾಂಪ್‌ಸ್ಟೆಡ್ ಹೀತ್‌ನಲ್ಲಿ ಮಹಿಳೆಯರಿಗೊಂದು, ಪುರುಷರಿಗೊಂದು, ಇಬ್ಬರೂ ಕೂಡಿ ಈಜಲು ಮತ್ತೊಂದು ಕೊಳವಿದೆ. ನ್ಯೂಯಾರ್ಕಿನ ವಿಲಿಯಮ್ಸ್‌ಬರ್ಗ್‌ನ ಸಾರ್ವಜನಿಕ ಕೊಳದಲ್ಲಿ ಮಹಿಳೆಯರ ಸಮಯವನ್ನು ಅವಲಂಬಿಸಿದ್ದವರು ಹೆಚ್ಚಾಗಿ ಸಂಪ್ರದಾಯಸ್ಥ ಯಹೂದಿ ಸ್ತ್ರೀಯರು. 2016ರಲ್ಲಿ ಅದರ ಬಗ್ಗೆ ದೊಡ್ಡ ವಿವಾದವೇ ಎದ್ದಿತು. ನಮ್ಮ ರಾಜ್ಯದ ಹಲವು ನಗರಗಳ ಕೊಳಗಳಲ್ಲಿ ಹೆಂಗಸರ ಬ್ಯಾಚ್ ಎಂಬುದು ಇದ್ದೇ ಇದೆ. ಅದನ್ನು ಬಳಸುವವರಲ್ಲಿ ಎಲ್ಲ ಧರ್ಮದವರೂ ಇದ್ದಾರೆ. ನಲವತ್ತು ದಾಟಿದ, ಮೈ ತುಸು ತೂಕವಾದ, ವೈದ್ಯರು ಈಜಲು ಹೇಳಿದ ಯಾವ ಗೃಹಿಣಿಯನ್ನಾದರೂ ಕೇಳಿರಿ, ಅವಳ ಜಾತಿ ಮತ ಕೇಳಬೇಡಿರಿ.

ಆದರೆ ಆ ಬ್ಯಾಚ್ ಹೇಗಿರುತ್ತದೆ ಎಂಬುದನ್ನೂ ಹೇಳಬೇಕು. ಕೆಲವು ವರ್ಷಗಳ ಹಿಂದೆ ನಾವು ನಮ್ಮ ಮನೆಯ ಇಬ್ಬರು ಹೆಣ್ಣುಮಕ್ಕಳನ್ನು ನಗರವೊಂದರ ಈಜುಕೊಳಕ್ಕೆ ಕರೆದೊಯ್ದಿದ್ದೆವು. ಹೆಂಗಸರ ಸಮಯ ಮಧ್ಯಾಹ್ನ ಎರಡರಿಂದ ಮೂರು. ಏಪ್ರಿಲ್ ತಿಂಗಳ ಬಿಸಿಲು, ಮೇಲೆ ಚಾವಣಿಯಿಲ್ಲ. ಶಾಲೆಗೆ ಹೋಗುವವಳು, ಕೆಲಸಕ್ಕೆ ಹೋಗುವವಳು, ಅಡುಗೆ ಮುಗಿಸಿ ಮಗುವನ್ನು ಮಲಗಿಸುವವಳು, ಇವರಲ್ಲಿ ಯಾರು ಆ ಹೊತ್ತಿಗೆ ಬರಬಲ್ಲರು? ಬೆಳಗ್ಗೆ ಮತ್ತು ಸಂಜೆಯ ತಂಪು ಹೊತ್ತೆಲ್ಲ ಗಂಡಸರದ್ದು. ಕಲಿಸುವವರು ಗಂಡಸು, ಜೀವರಕ್ಷಕರು ಗಂಡಸು. ಮೇಲಿನ ಮೆಟ್ಟಿಲುಗಳಲ್ಲಿ ನಾಲ್ಕಾರು ಯುವಕರು ಮುಂದಿನ ಬ್ಯಾಚಿಗೆ ಕಾಯುವ ನೆಪದಲ್ಲಿ ಮೊಬೈಲ್ ಹಿಡಿದು ಕುಳಿತಿದ್ದರು. ದೊಡ್ಡವಳು ಕಾಲು ನೆನೆಸಿ ಎದ್ದು ಬಂದಳು. ಚಿಕ್ಕವಳು ನೀರಿಗೆ ಇಳಿಯಲೇ ಇಲ್ಲ. "ಹೆಂಗಸರೇ ಬರುವುದಿಲ್ಲ ಸಾರ್, ಬ್ಯಾಚ್ ನಿಲ್ಲಿಸಬೇಕೆಂದಿದ್ದೇವೆ" ಎಂದು ಟಿಕೆಟ್ ಕೊಡುವವರು ಹೇಳಿದರು. ಅವರ ಮೇಲೆ ನಮಗೆ ಸಿಟ್ಟೇನೂ ಬರಲಿಲ್ಲ. ಅವರು ಕಂಡದ್ದನ್ನು ಹೇಳಿದರು.

ಇನ್ನು ನಮ್ಮ ಕಡೆಯ ಮಾತು. ಸೂರಾ ಅನ್ನೂರ್‌ನಲ್ಲಿ ದೃಷ್ಟಿ ತಗ್ಗಿಸುವ ಆಜ್ಞೆ ಮೊದಲು ಬಂದಿರುವುದು ಸತ್ಯವಿಶ್ವಾಸಿ ಪುರುಷರಿಗೆ. ಸ್ತ್ರೀಯರಿಗೆ ಅದು ಬಂದಿರುವುದು ನಂತರದ ವಚನದಲ್ಲಿ. ನಮ್ಮ ಪ್ರವಚನಗಳಲ್ಲಿ ಈ ಕ್ರಮ ತಲೆಕೆಳಗಾಗಿದೆ. ಎರಡನೆಯ ವಚನಕ್ಕೆ ಒಂದು ಗಂಟೆ, ಮೊದಲನೆಯದಕ್ಕೆ ಐದು ನಿಮಿಷ! ಪ್ರವಾದಿ(ಸ)ರ ವಿದಾಯ ಹಜ್ಜ್‌ನಲ್ಲಿ ಖಸ್‌ಅಮ್ ಗೋತ್ರದ ಮಹಿಳೆಯೊಬ್ಬರು ಪ್ರಶ್ನೆ ಕೇಳಲು ಬಂದರು. ಪ್ರವಾದಿಯವರ ಹಿಂದೆ ಸವಾರಿಯಲ್ಲಿದ್ದ ಯುವಕ ಫದ್ಲ್(ರ) ಅವರನ್ನೇ ನೋಡತೊಡಗಿದರು. ಪ್ರವಾದಿ(ಸ)ರು ಫದ್ಲ್‌ರ ಮುಖವನ್ನು ಬೇರೆ ಕಡೆಗೆ ತಿರುಗಿಸಿದರು. ಆ ಮಹಿಳೆಯನ್ನು ಹಿಂದೆ ಕಳುಹಿಸಲಿಲ್ಲ, ಆಕೆಯ ಪ್ರಶ್ನೆಗೆ ಉತ್ತರವನ್ನೂ ಕೊಟ್ಟರು.

ನಮ್ಮ ಹಳ್ಳಿಗಳ ಕೆರೆಗಳಲ್ಲಿಯೂ ಇಂತಹದೊಂದು ನಡವಳಿಕೆ ಇತ್ತು. ಹೆಂಗಸರು ಬಟ್ಟೆ ಒಗೆಯುವ ಕಡೆಗೆ ಗಂಡಸರು ಹೋಗುತ್ತಿರಲಿಲ್ಲ. ಹೋಗಲೇಬೇಕಾದರೆ ದೂರದಿಂದಲೇ ಕೆಮ್ಮಿ ಹೋಗುತ್ತಿದ್ದರು. ಫಲಕವಿರಲಿಲ್ಲ, ಕಾವಲುಗಾರನಿರಲಿಲ್ಲ. ಆ ಕಾಲವನ್ನು ಹೊಗಳಿ ಮುಗಿಸಲು ನಾವು ಸಿದ್ಧರಿಲ್ಲ. ಅದೇ ಕೆರೆಗಳಿಂದ ದಲಿತರನ್ನು ದೂರ ಇಟ್ಟಿದ್ದರು. ಮಹಾಡಿನ ಚವದಾರ್ ಕೆರೆಯ ನೀರು ಮುಟ್ಟಲು ಡಾ. ಅಂಬೇಡ್ಕರರು 1927ರಲ್ಲಿ ಸತ್ಯಾಗ್ರಹ ಮಾಡಬೇಕಾಯಿತು. ಸಾರ್ವಜನಿಕ ನೀರು ಸಾರ್ವಜನಿಕರೆಲ್ಲರಿಗೂ ಎಂಬ ತತ್ವವನ್ನು ನಾವು ಅಲ್ಲಿಂದ ಪಡೆದಿದ್ದೇವೆ. ಆ ತತ್ವದ ಬಲದಿಂದಲೇ ನಮ್ಮ ಮಗಳಿಗಾಗಿ ಕೇಳುತ್ತೇವೆ. ಹಾಗೆ ಕೇಳುವವರು, ಕೂಡಿ ಈಜಲು ಬಯಸುವ ಬೇರೆ ಕುಟುಂಬಗಳ ಸಮಯವನ್ನು ಕಿತ್ತುಕೊಳ್ಳುವಂತಿಲ್ಲ. ಗಂಡ ಹೆಂಡತಿ ಮಕ್ಕಳು ಒಂದಾಗಿ ಬರುವ ಹೊತ್ತೂ ಇರಲಿ, ಹೆಂಗಸರ ಹೊತ್ತೂ ಇರಲಿ.

ಕರಾವಳಿಯ ಕಡಲತೀರದಲ್ಲಿ ಏನಾಗುತ್ತಿದೆ ಎಂಬುದು ತಮಗೆ ಗೊತ್ತಿದೆ. 2023ರ ಜೂನ್ 1ರಂದು ಸೋಮೇಶ್ವರದಲ್ಲಿ ಸಹಪಾಠಿ ಹಿಂದೂ ಹುಡುಗಿಯರೊಂದಿಗೆ ಇದ್ದ ಮುಸ್ಲಿಮ್ ವಿದ್ಯಾರ್ಥಿಗಳ ಮೇಲೆ ಹಲ್ಲೆ ನಡೆಯಿತು. ಸಂಸ್ಕೃತಿ ರಕ್ಷಣೆಯ ಹೆಸರಿನ ಈ ಗೂಂಡಾಗಿರಿಯನ್ನು ನಾವು ಖಂಡಿಸುತ್ತೇವೆ. ಆದರೆ ಬುರ್ಖಾ ಧರಿಸಿದ ಹುಡುಗಿಯನ್ನು ಅನ್ಯಧರ್ಮದ ಸಹಪಾಠಿಯೊಂದಿಗೆ ಕಂಡೊಡನೆ ಸುತ್ತುವರಿದು ವಿಡಿಯೋ ಮಾಡಿ ಹಂಚುವ ನಮ್ಮ ಹುಡುಗರನ್ನು ಯಾರು ಖಂಡಿಸಬೇಕು? ಅದನ್ನೂ ನಾವೇ ಮಾಡಬೇಕು, ಇದೇ ವೇದಿಕೆಯಿಂದ ಮಾಡುತ್ತೇವೆ.

ಯುರೋಪಿನಲ್ಲಿ ಈ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲೇರಿದೆ. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ತುರ್ಕಿ ಮೂಲದ ದಂಪತಿ, ಶಾಲೆಯಲ್ಲಿ ಹುಡುಗರ ಜೊತೆಗಿನ ಕಡ್ಡಾಯ ಈಜು ತರಗತಿಗೆ ತಮ್ಮ ಹೆಣ್ಣುಮಕ್ಕಳನ್ನು ಕಳುಹಿಸಲಿಲ್ಲ. ಅವರಿಗೆ ದಂಡ ಬಿತ್ತು. 2017ರ ಜನವರಿ 10ರಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯವು ದಂಡವನ್ನು ಎತ್ತಿಹಿಡಿಯಿತು. ಆ ಶಾಲೆ ಬುರ್ಕಿನಿ ಧರಿಸಲು ಅವಕಾಶ ಕೊಟ್ಟಿತ್ತು, ಬಟ್ಟೆ ಬದಲಿಸಲು ಬೇರೆ ಕೋಣೆ ಕೊಟ್ಟಿತ್ತು ಎಂಬುದನ್ನು ನಮ್ಮ ಅನೇಕರು ಹೇಳುವುದಿಲ್ಲ. ಇತ್ತ ಫ್ರಾನ್ಸಿನ ಗ್ರೆನೋಬಲ್ ನಗರಸಭೆ 2022ರಲ್ಲಿ ಬುರ್ಕಿನಿಗೆ ಅನುಮತಿ ನೀಡಿದಾಗ, ಅಲ್ಲಿನ ಅತ್ಯುನ್ನತ ಆಡಳಿತ ನ್ಯಾಯಾಲಯ ಅದನ್ನು ತಡೆಯಿತು. ಒಂದು ದೇಶ ನೀನು ಇಳಿಯಲೇಬೇಕು ಎನ್ನುತ್ತದೆ, ಇನ್ನೊಂದು ಈ ಉಡುಪಿನಲ್ಲಿ ಇಳಿಯಬಾರದು ಎನ್ನುತ್ತದೆ. ಇಲ್ಲಿ ನಾವು ಇಳಿಯುವುದೇ ಬೇಡ ಎನ್ನುತ್ತೇವೆ. ಮೂರು ಕಡೆಯೂ ಅವಳನ್ನು ಕೇಳಿದವರಿಲ್ಲ. 2022ರಲ್ಲಿ ನಮ್ಮ ರಾಜ್ಯದ ಕಾಲೇಜು ಬಾಗಿಲುಗಳಲ್ಲಿ ಶಿರವಸ್ತ್ರದ ಹೆಸರಿನಲ್ಲಿ ಏನಾಯಿತೋ ಅದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಉಡುಪಿನ ವಿಷಯ ಬಂದಿದೆ, ಒಂದು ಮಾತು. ಮನೆಯ ಹತ್ತಿ ಚೂಡಿದಾರದಲ್ಲಿ ಇಳಿಯಲು ಬಿಡಲಿಲ್ಲವೆಂದು ಜಗಳವಾಡಿದ ತಾಯಂದಿರನ್ನು ನಾವು ಬಲ್ಲೆವು. ಅಲ್ಲಿ ಕೊಳದವರು ಹೇಳುವುದು ಸರಿ. ಹತ್ತಿ ಬಟ್ಟೆ ನೀರು ಹೀರಿ ಭಾರವಾಗುತ್ತದೆ, ದುಪ್ಪಟ್ಟಾ ಕೈಕಾಲಿಗೆ ಸುತ್ತಿಕೊಳ್ಳುತ್ತದೆ, ಎಳೆಗಳು ಬಿಟ್ಟು ನೀರು ಶುದ್ಧೀಕರಿಸುವ ಯಂತ್ರಕ್ಕೆ ಸಿಲುಕುತ್ತವೆ. ಮೈ ಮುಚ್ಚುವ, ಆದರೆ ನೀರು ಹೀರದ ನೈಲಾನ್ ಅಥವಾ ಪಾಲಿಯೆಸ್ಟರ್ ಈಜುಡುಪು ಈಗ ಸಿಗುತ್ತದೆ. ಅದಕ್ಕೆ ಅನುಮತಿ ಇದೆಯೆಂದು ಫಲಕದಲ್ಲಿ ಬರೆಯಲಿ ಎಂದು ಕೇಳೋಣ. ಚೂಡಿದಾರಕ್ಕಾಗಿ ಹಠ ಬೇಡ.

ಮಕ್ಕಳಿಗೆ ಈಜು, ಬಿಲ್ವಿದ್ಯೆ, ಕುದುರೆ ಸವಾರಿ ಕಲಿಸಿರಿ ಎಂಬ ಮಾತು ಹ. ಉಮರ್(ರ)ರ ಹೆಸರಿನಲ್ಲಿ ಪ್ರಸಿದ್ಧವಾಗಿದೆ. ಅದರಲ್ಲಿರುವ ಔಲಾದ್ ಎಂಬ ಪದವನ್ನು ನಮ್ಮ ಮನೆಗಳಲ್ಲಿ ದಿನವೂ ಆಡುತ್ತೇವೆ. ಆಸ್ತಿ ಹಂಚುವಾಗ ಔಲಾದ್‌ನಲ್ಲಿ ಹೆಣ್ಣುಮಕ್ಕಳೂ ಇದ್ದಾರೆಂದು ಉಲಮಾಗಳು ನೆನಪಿಸಬೇಕಾಗುತ್ತದೆ. ಈಜಿನ ವಿಷಯದಲ್ಲಿಯೂ ನೆನಪಿಸುವ ಕಾಲ ಬಂದಿದೆ. ಪ್ರತ್ಯೇಕ ಸಮಯ ಸಿಗುವ ತನಕ ಏನು ಮಾಡಬೇಕು ಎಂದು ಕೇಳುವಿರಿ. ಹತ್ತು ವರ್ಷದ ಒಳಗಿನ ಮಗಳಿಗೆ ಪ್ರತ್ಯೇಕ ಸಮಯದ ಪ್ರಶ್ನೆ ಏಳುವುದಿಲ್ಲ. ಈ ಬೇಸಿಗೆಯಲ್ಲಿಯೇ ಕಳುಹಿಸಿರಿ. ದೊಡ್ಡವಳಿಗೆ ತಂದೆಯೋ ಅಣ್ಣನೋ ಈಜು ಬಲ್ಲವರಾಗಿದ್ದರೆ, ಅವರ ತೋಟದ ಬಾವಿಯಲ್ಲಿ ಮೆಟ್ಟಿಲಿದ್ದರೆ, ಸೊಂಟಕ್ಕೆ ಹಗ್ಗ ಕಟ್ಟಿ ಅಲ್ಲಿಯೇ ಆರಂಭಿಸಲಿ. ಒಬ್ಬಂಟಿಯಾಗಿ ಬಿಡಬೇಡಿರಿ. ಮಕ್ಕಳು ಕಾಲುವೆಗೆ ಇಳಿಯುವುದನ್ನು ಮಾತ್ರ ಯಾರೂ ಒಪ್ಪಬೇಡಿರಿ, ಗಂಡು ಮಕ್ಕಳಿಗೂ.

ಜಿಲ್ಲಾ ಕ್ರೀಡಾ ಇಲಾಖೆಗೆ ಕೊಡಬೇಕಾದ ಅರ್ಜಿಯೊಂದನ್ನು ಬಾಗಿಲ ಬಳಿಯ ಮೇಜಿನ ಮೇಲೆ ಇಟ್ಟಿದ್ದೇವೆ. ವಾರಕ್ಕೆ ಮೂರು ದಿನವಾದರೂ ಹೆಂಗಸರ ಸಮಯ, ಮಹಿಳಾ ತರಬೇತುದಾರರು, ಮಹಿಳಾ ಜೀವರಕ್ಷಕರು, ಆ ಹೊತ್ತಿನಲ್ಲಿ ಗ್ಯಾಲರಿಗೆ ಬೀಗ. ಎಲ್ಲ ಧರ್ಮದ ಮಹಿಳೆಯರ ಪರವಾಗಿ ಎಂದು ಬರೆದಿದ್ದೇವೆ. ನೆರೆಮನೆಯ ಹಿಂದೂ ಸಹೋದರಿಯರ ಸಹಿಯನ್ನೂ ಪಡೆಯಿರಿ. ಯಾವ ಹೊತ್ತು ಎಂಬ ಜಾಗವನ್ನು ಖಾಲಿ ಬಿಟ್ಟಿದ್ದೇವೆ. ಅದನ್ನು ನಾವು ಗಂಡಸರು ತುಂಬುವುದಿಲ್ಲ. ಅಲ್ಲಿ ಕುಳಿತಿರುವ ಬಾಜಿಯರು, ಖಾಲಾಗಳು ತಮಗೆ ಬಿಡುವಿರುವ ಗಂಟೆ ಯಾವುದೆಂದು ತಮ್ಮ ತಮ್ಮಲ್ಲಿ ಮಾತನಾಡಿಕೊಂಡು ಬರೆಯಲಿ. ಪೆನ್ನು ಮೇಜಿನ ಮೇಲೆಯೇ ಇದೆ.