ಹುಟ್ಟುಗುಣವೋ, ಕೊಟ್ಟ ಎಡೆಯೋ?



‘ಹುಟ್ಟುಗುಣ ಸುಟ್ಟರೂ ಹೋಗದು’ ಎಂಬುದು ನಮ್ಮ ಗಾದೆ. ಒಂದೇ ದುಷ್ಕೃತ್ಯವನ್ನು ವರ್ಷಾನುಗಟ್ಟಲೆ ಎಸಗುತ್ತ ಬಂದವನ ವಿಷಯ ಕೇಳಿದಾಗ ನಾವು ಈ ಗಾದೆಯನ್ನು ಹೇಳಿ ಸುಮ್ಮನಾಗುತ್ತೇವೆ. ಅದು ಎಷ್ಟರಮಟ್ಟಿಗೆ ದಿಟವೆಂಬುದನ್ನು ಈ ಹೊತ್ತು ವಿಚಾರ ಮಾಡೋಣ.

ಇಟಲಿಯ ವೈದ್ಯನಾದ ಲೊಂಬ್ರೋಸೋ 1876ರಲ್ಲಿ ಇದೇ ಮಾತನ್ನು ಶಾಸ್ತ್ರವೆಂದು ಬರೆದನು. ಅಪರಾಧಿಯ ತಲೆಯೋಡು ದವಡೆಗಳಲ್ಲಿಯೇ ಅದರ ಗುರುತು ಉಂಟೆಂದನು. 1913ರಲ್ಲಿ ಆಂಗ್ಲ ಸೆರೆಮನೆಯ ವೈದ್ಯ ಚಾರ್ಲ್ಸ್ ಗೋರಿಂಗ್ ಸುಮಾರು 3,000 ಖೈದಿಗಳ ಅಂಗಾಂಗಗಳನ್ನು ಅಳೆದು ನೋಡಿ, ಅಂತಹ ಗುರುತು ಇಲ್ಲವೆಂದು ಸಾಧಿಸಿದನು. ಆದರೂ ನಮ್ಮ ದೇಶದಲ್ಲಿ, ಕೆಲವು ಜನಾಂಗಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಎಣಿಸಿದ, 1871ರಲ್ಲಿ ಮೊದಲಾದ ಕಾಯಿದೆಯ ವ್ಯವಸ್ಥೆಯು 1952ರವರೆಗೂ ಪೂರ್ಣವಾಗಿ ರದ್ದಾಗಲಿಲ್ಲ.

ಈಗ ಮಂಗಳೂರಿನ ನ್ಯಾಯಾಲಯದಲ್ಲಿ ವಿಚಾರಣೆಯಾದ ಒಂದು ಪ್ರಕರಣವನ್ನು ನೋಡೋಣ. ಮೋಹನಕುಮಾರನು ಪ್ರಾಥಮಿಕ ಶಾಲೆಯ ಅಧ್ಯಾಪಕನಾಗಿದ್ದವನು. 2003ರಿಂದ 2009ರವರೆಗೆ ಬಡಮನೆಗಳ ಯುವತಿಯರನ್ನು ಮದುವೆಯಾಗುವೆನೆಂದು ನಂಬಿಸಿ, ಪರಸ್ಥಳಕ್ಕೆ ಕರೆದೊಯ್ದು, ವಿಷವಿಕ್ಕಿ, ಒಡವೆಗಳನ್ನು ಅಪಹರಿಸಿದನೆಂದು ಅವನ ಮೇಲೆ 20 ಕೊಲೆಯ ಆರೋಪಗಳು ಬಂದವು. 2013ರ ಡಿಸೆಂಬರಿನಲ್ಲಿ ನ್ಯಾಯಾಲಯವು ಅವನನ್ನು ಅಪರಾಧಿಯೆಂದು ಮೊದಲು ತೀರ್ಮಾನಿಸಿತು. ಮುಂದೆ ಇನ್ನೂ ಹಲವು ತೀರ್ಪುಗಳು ಬಂದವು.

ಇಂತಹವನ ಮನಸ್ಸಿನಲ್ಲಿ ನಡೆಯುವುದೇನು? ಪರರ ನೋವು ತನ್ನದೆಂದು ತೋರದಿರುವುದು ಮೊದಲನೆಯ ದೋಷ. ಶಿಕ್ಷೆ ತಪ್ಪಿ ಲಾಭ ಮಾತ್ರ ಕೈಗೆ ಬಂದರೆ, ಮೊದಲ ಸಲ ಇದ್ದ ಅಳುಕು ಎರಡನೆಯ ಸಲಕ್ಕೆ ಕುಗ್ಗುವುದು. ಕೊನೆಗೆ ಪಾಪವೇ ವೃತ್ತಿಯಾಗುವುದು.

ಆದರೆ ಶಿಕ್ಷೆ ಅಷ್ಟು ವರ್ಷ ತಪ್ಪಿದುದೇಕೆ? ಇಲ್ಲಿ ಸಮಾಜವು ಉತ್ತರ ಹೇಳಬೇಕು. ವರದಕ್ಷಿಣೆಗೆ ಹಣವಿಲ್ಲದ ಮನೆಯಲ್ಲಿ ವಯಸ್ಸು ಮೀರುತ್ತಿರುವ ಮಗಳು ಹೊರೆಯಾಗಿ ಕಾಣುತ್ತಾಳೆ. ಏನನ್ನೂ ಕೇಳದೆ ಬಂದ ವರನು ದೇವರಂತೆ ತೋರುತ್ತಾನೆ. ಹುಡುಗಿ ಮನೆಗೆ ಮರಳದಿದ್ದರೆ, ಮಾನ ಹೋದೀತೆಂಬ ಭಯದಿಂದ ದೂರು ಕೊಡಲು ಹಿಂಜರಿಯುತ್ತಾರೆ. ದೂರದ ಬಸ್ಸು ನಿಲ್ದಾಣದಲ್ಲಿ ಹೆಸರು ಗೊತ್ತಿಲ್ಲದ ಶವ ದೊರೆತರೆ, ಆ ಊರಿನ ಠಾಣೆಯ ಪುಸ್ತಕದಲ್ಲಿ ಅದೊಂದು ಒಂಟಿ ಸಾವು.

2009ರಲ್ಲಿ ಬಂಟವಾಳದ ಕಡೆಯ ಒಬ್ಬ ಯುವತಿ ಕಾಣೆಯಾದಾಗ ಊರವರು ಸುಮ್ಮನಿರಲಿಲ್ಲ. ಅನ್ಯಮತದವನು ಕರೆದೊಯ್ದನೆಂದು ಗುಲ್ಲೆದ್ದಿತು. ದೂರವಾಣಿಯ ಲೆಕ್ಕಪತ್ರಗಳು ತೋರಿದ ದಾರಿಯೇ ಬೇರೆ. ಅಕ್ಟೋಬರಿನಲ್ಲಿ ಮೋಹನಕುಮಾರನು ಸಿಕ್ಕಿಬಿದ್ದನು. ಅಪರಾಧವನ್ನು ಜನ್ಮದಲ್ಲಿ ಹುಡುಕುವ ಹಳೆಯ ಚಾಳಿ ನಮ್ಮನ್ನು ಇನ್ನೂ ಬಿಟ್ಟಿಲ್ಲ.

ಮಾಡಿದವನ ಹೊಣೆ ಇದರಿಂದ ಕಿಂಚಿತ್ತೂ ತಗ್ಗದು. ಆದರೆ ಬೀಜ ಅವನದಾದರೂ, ಅದು ಬೆಳೆದ ನೆಲ ನಮ್ಮದು. ಮದುವೆ ಕುದುರಿಸಲು ಬಂದವನ ಮನೆಮಾರನ್ನು ವಿಚಾರಿಸುವುದು, ಮಗಳು ಕಾಣದಿದ್ದ ದಿನವೇ ಠಾಣೆಯ ಮೆಟ್ಟಿಲು ಹತ್ತುವುದು, ಅವಳನ್ನು ಹೊರೆಯೆಂದು ಎಣಿಸದಿರುವುದು, ಇಷ್ಟು ನಮ್ಮ ಕೈಯಲ್ಲಿದೆ. ಮೊದಲ ಮನೆಯವರಿಗೆ ನಿರ್ಭಯವಾಗಿ ಬಾಯಿಬಿಡುವ ಧೈರ್ಯವನ್ನು ಸಮಾಜ ಕೊಟ್ಟಿದ್ದರೆ, ಮುಂದಿನ ಎಷ್ಟು ಮನೆಗಳ ದೀಪ ಉಳಿಯುತ್ತಿತ್ತೋ!