ಝೀರೋ ಬಿಲ್ ಮನೆಗೆ ಕರೆಂಟ್ ಕಾರು ಬಂದ ಮೇಲೆ

ಇವತ್ತು ನಮ್ಮನೆ ಕರೆಂಟ್ ಬಿಲ್ಲಿನ ಕಥೆ ಹೇಳ್ತೀನಿ. ಕಾರಿನ ಕಥೆನೂ ಅದರೊಳಗೇ ಇದೆ.

ನಮ್ಮದು ಜಮಖಂಡಿ. ನಮ್ಮನೆಯಾಕೆ ಮುಧೋಳದಲ್ಲಿ ಟೀಚರ್. ಹೋಗಿ ಬರೋದು, ಊರೊಳಗಿನ ತಿರುಗಾಟ, ಎಲ್ಲಾ ಸೇರಿ ದಿನಕ್ಕೆ 60 ಕಿಲೋಮೀಟರ್. ತಿಂಗಳಿಗೆ 1,500. ಹಳೇ ಪೆಟ್ರೋಲ್ ಕಾರು ಲೀಟರ್‌ಗೆ 18 ಕೊಡ್ತಿತ್ತು. ಪೆಟ್ರೋಲ್ 103ರ ಲೆಕ್ಕಕ್ಕೆ ತಿಂಗಳಾ 8,600 ರೂಪಾಯಿ ಬರೇ ಎಣ್ಣೆಗೆ. ಆ ಗಾಡಿ ವಯಸ್ಸಾಗಿ ಎರಡು ಸಲ ನಡು ದಾರಿಯಾಗ ನಿಂತಿತು, ಅದೂ ಕಬ್ಬಿನ ಸೀಜನ್‌ನಾಗ, ಹಿಂದೆ ಮುಂದೆ ಡಬಲ್ ಟ್ರೇಲರ್ ಟ್ರ್ಯಾಕ್ಟರ್. ಹೊಸದು ತಗೊಳ್ಳಲೇಬೇಕಾಯ್ತು.

ಇದು 2025ರ ದೀಪಾವಳಿ ಟೈಮಿನ ಮಾತು. ನಮ್ಮ ಬಜೆಟ್‌ನಾಗ ಕೂಡ್ತಿದ್ದದ್ದು ಟಾಟಾ ಟಿಯಾಗೊ. ಪೆಟ್ರೋಲ್ ಮಾಡೆಲ್ಲೂ ಇದೆ, ಈವಿನೂ ಇದೆ. ಸೆಪ್ಟೆಂಬರ್ 22ಕ್ಕೆ ಸಣ್ಣ ಪೆಟ್ರೋಲ್ ಕಾರಿನ ಜಿಎಸ್‌ಟಿ 28ರಿಂದ 18ಕ್ಕೆ ಇಳಿದಿತ್ತು. ಈವಿಗೆ ಆಗಲೇ 5 ಇತ್ತು, ಅದು 5ರಲ್ಲೇ ಉಳೀತು. ಅಂದ್ರೆ ಎರಡರ ನಡುವಿನ ಅಂತರ ದೊಡ್ಡದಾಯ್ತು. ನಾವು ನೋಡಿದ ಪೆಟ್ರೋಲ್ ಗಾಡಿ ಶೋರೂಮ್ ರೇಟು 6 ಲಕ್ಷದ ಆಸುಪಾಸು, 24 ಕಿಲೋವ್ಯಾಟ್ ಅವರ್ ಬ್ಯಾಟರಿಯ ಈವಿ 10 ಲಕ್ಷದ ಆಸುಪಾಸು.

ನಾಲ್ಕು ಲಕ್ಷ ಹೆಚ್ಚು ಅಂತ ಅಲ್ಲೇ ಎದ್ದು ಬರಬ್ಯಾಡ್ರಿ. ರೋಡ್ ಟ್ಯಾಕ್ಸ್ ಕೂಡಿಸ್ರಿ. ಆರು ಲಕ್ಷದ ಪೆಟ್ರೋಲ್ ಗಾಡಿಗೆ ನಮ್ಮ ರಾಜ್ಯದಾಗ ಶೇ 14, ಅದರ ಮೇಲೆ ಸೆಸ್, ಒಟ್ಟು 90 ಸಾವಿರ ದಾಟ್ತದ. ಕರ್ನಾಟಕ 2016ರಲ್ಲೇ ಈವಿಗೆ ಟ್ಯಾಕ್ಸ್ ಮಾಫ್ ಮಾಡಿತ್ತು. 2024ರಲ್ಲಿ 25 ಲಕ್ಷಕ್ಕಿಂತ ದುಬಾರಿ ಗಾಡಿಗೆ ಮಾತ್ರ ಶೇ 10 ಹಾಕ್ತು. ನಾವು ತಗೊಂಡಾಗ ನಮ್ಮದಕ್ಕೆ ಸೊನ್ನೆ. (ಈ ನಿಯಮ ಬದಲಾಗ್ತಿರ್ತಾವ, ದುಡ್ಡು ಕಟ್ಟೋ ಮೊದಲು ಕೆಎ-48ರ ಆಫೀಸ್‌ನಾಗ ಒಂದ್ಸಲ ಕೇಳ್ರಿ.) ಎಲ್ಲಾ ಕೂಡಿ ಕಳೆದ ಮೇಲೆ ಈವಿ ನಮಗೆ ಹೆಚ್ಚು ಬಿದ್ದದ್ದು 3 ಲಕ್ಷ 20 ಸಾವಿರ.

ಆ ಹೆಚ್ಚಿನ ದುಡ್ಡು ಸಾಲದ್ದೇ. ಶೇ 9ರಂತೆ 5 ವರ್ಷಕ್ಕೆ ಅದರ ಪಾಲಿನ ಇಎಂಐ ಮಾತ್ರ 6,640. ಅಂದ್ರೆ ಪ್ರತಿ ತಿಂಗಳು ಪೆಟ್ರೋಲ್‌ನಾಗ 6,640 ಉಳಿಸಿದ್ರೆ ನಾನು ಪಾಸು, ಇಲ್ಲಾಂದ್ರೆ ಫೇಲು.

ಗಾಡಿ ಗೋಡೆಯ ಪ್ಲಗ್‌ನಿಂದ ಎಳೆಯೋ ಒಂದು ಯೂನಿಟ್‌ಗೆ ಎಷ್ಟು ಓಡ್ತದ? ಬ್ರೋಷರ್‌ನಾಗ ಇರೋ ರೇಂಜ್ ನಂಬರ್ ಬಿಡ್ರಿ. ಎಸಿ, ಚಾರ್ಜಿಂಗ್‌ನಾಗ ಆಗೋ ನಷ್ಟ ಎಲ್ಲಾ ಹಿಡಿದು ನನಗೆ ಸಿಕ್ಕಿದ್ದು 7 ಕಿಲೋಮೀಟರ್. ಬೇಸಿಗೆಯಾಗ ನಮ್ಮ ಕಡೆ 40 ಡಿಗ್ರಿ ದಾಟಿದಾಗ 6 ಅಂತ ಹಿಡೀರಿ. 1,500 ಕಿಲೋಮೀಟರ್‌ಗೆ 214 ಯೂನಿಟ್. ಹೆಸ್ಕಾಂ ಮನೆ ದರ, ಟ್ಯಾಕ್ಸು ಎಲ್ಲಾ ಸೇರಿ ಯೂನಿಟ್‌ಗೆ 7 ರೂಪಾಯಿ ಹಿಡಿದ್ರೆ 1,500 ರೂಪಾಯಿ. 8,600 ಎಲ್ಲಿ, 1,500 ಎಲ್ಲಿ! ತಿಂಗಳಿಗೆ 7,100 ಉಳಿತಾಯ. ನಾನು ಬಹಳ ಶಾಣ್ಯಾ ಅಂತ ತಿಳ್ಕೊಂಡು ಗಾಡಿ ಬುಕ್ ಮಾಡಿದೆ.

ಮೊದಲ ಪೂರ್ತಿ ತಿಂಗಳ ಬಿಲ್ ಬಂತು ನೋಡ್ರಿ, ಅವ್ವ ಅದನ್ನ ಕೈಯಾಗ ಹಿಡ್ಕೊಂಡು ಬಾಗಿಲದಾಗ ನಿಂತಿದ್ದಳು. "ಏನೋ ಇದು, ಎರಡು ಸಾವಿರದ ಏಳನೂರು? ನಮ್ಮ ಝೀರೋ ಬಿಲ್ ಎಲ್ಲಿ ಹೋತು?"

ಅವ್ವನ ಪ್ರಶ್ನೆ ಸರಿ ಇತ್ತು. ನಾನು ಗೃಹಜ್ಯೋತಿನೇ ಮರೆತಿದ್ದೆ. 2023ರಲ್ಲಿ ಶುರುವಾದ ಆ ಸ್ಕೀಮ್ ಹೆಂಗಿದೆ ಅಂದ್ರೆ, ನಿಮ್ಮ ಮನೆಯ 2022-23ರ ಸರಾಸರಿ ಬಳಕೆಗೆ ಶೇ 10 ಸೇರಿಸಿ ಅಷ್ಟು ಯೂನಿಟ್ ಫ್ರೀ. ಅದಕ್ಕಿಂತ ಹೆಚ್ಚು ಸುಟ್ಟು 200ರ ಒಳಗಿದ್ರೆ ಹೆಚ್ಚಾದಷ್ಟಕ್ಕೆ ಮಾತ್ರ ದುಡ್ಡು. 200 ದಾಟಿದ್ರೆ ಮೊದಲ ಯೂನಿಟ್‌ನಿಂದ ಹಿಡಿದು ಪೂರ್ತಿ ಬಿಲ್ ನಿಮ್ಮದೇ. ನಮ್ಮ ಮನೆ ಬಳಕೆ 90. ಅದರ ಮೇಲೆ ಕಾರಿನ 214. ಒಟ್ಟು 304. ಕಾರು ತನ್ನ ಬಿಲ್ ತಂದಿದ್ದಲ್ಲದೆ ಫ್ಯಾನು, ಫ್ರಿಜ್ಜು, ಅವ್ವನ ಮಿಕ್ಸರ್, ಎಲ್ಲದರ ಬಿಲ್ಲನ್ನೂ ಎಬ್ಬಿಸಿ ತಂದಿತು. ಜೊತೆಗೆ ಚಾರ್ಜರ್ 3 ಕಿಲೋವ್ಯಾಟ್‌ಗೂ ಮೇಲೆ ಎಳೀತದ ಅಂತ ಮನೆ ಲೋಡ್ 4 ಕಿಲೋವ್ಯಾಟ್‌ಗೆ ಏರಿಸಿದ್ದೆ, ಫಿಕ್ಸೆಡ್ ಚಾರ್ಜ್ ಅದಕ್ಕೆ ತಕ್ಕಂಗೆ ಏರಿತ್ತು.

ಈಗ ಲೆಕ್ಕ ತಿರುಗಿಸ್ರಿ. 8,600ರಲ್ಲಿ 2,700 ಹೋದ್ರೆ ಉಳಿಯೋದು 5,900. ಇಎಂಐ 6,640. ಫೇಲು.

ಆ ರಾತ್ರಿ ನಮ್ಮನೆಯಾಕೆ ಏನೂ ಮಾತಾಡಲಿಲ್ಲ. ಗಾಡಿ ಅವಳ ಸಲುವಾಗಿ ತಗೊಂಡದ್ದು, ಅವ್ವನ ಝೀರೋ ಬಿಲ್ ಅವಳ ಸಲುವಾಗಿ ಹೋತು ಅನ್ನೋ ಹಂಗಾಗಿತ್ತು ಮನೆಯಾಗ. ನನ್ನ ಲೆಕ್ಕದ ತಪ್ಪು, ಬೈಸ್ಕೊಳ್ಳೋದು ಅವಳು.

ದಾರಿ ಹೇಳಿಕೊಟ್ಟವರು ಬನಹಟ್ಟಿಯ ನಮ್ಮ ಮಾಮಾ. ಅವರದು ಪವರ್‌ಲೂಮ್. ಮೊದಲು ನಾನೇ ಚಾಷ್ಟಿಗೆ ಕೇಳಿದೆ, "ಮಾಮಾ, ನಿಮ್ಮ ಮಗ್ಗದ ಮೀಟರ್‌ಗೆ ಚುಚ್ಚಲೇನ್ರಿ ಕಾರು?" ಅವರು ನಗಲಿಲ್ಲ. "ಮಗ್ಗದ ಲೈನ್ ಮಗ್ಗಕ್ಕ ಕೊಟ್ಟದ್ದಪಾ. ನಿನ್ನ ಕಾರಿಗೆ ಬ್ಯಾರೆ ಮೀಟರ್ ತಗೋ" ಅಂದ್ರು. ಹೊಲದ ಪಂಪ್‌ಸೆಟ್ ಲೈನ್‌ಗೂ ಇದೇ ಮಾತು, ನೆನಪಿಡ್ರಿ.

ಕೆಇಆರ್‌ಸಿ ದರಪಟ್ಟಿಯಲ್ಲಿ ಈವಿ ಚಾರ್ಜಿಂಗ್‌ಗೆ ಎಲ್‌ಟಿ-6(ಸಿ) ಅಂತ ಬೇರೆ ವರ್ಗವೇ ಇದೆ. ಅದರಲ್ಲಿ ಅರ್ಜಿ ಹಾಕಿ ಕಾರಿಗೇ ಒಂದು ಮೀಟರ್ ಕೂಡಿಸಿದ್ವಿ. ವಯರಿಂಗ್, ಡಿಪಾಸಿಟ್, ಅರ್ಥಿಂಗ್ ಎಲ್ಲಾ ಸೇರಿ 20 ಸಾವಿರದ ಹತ್ತಿರ ಹೋತು. ಅರ್ಥಿಂಗ್‌ನಾಗ ಮಾತ್ರ ಜುಗ್ಗತನ ಮಾಡಬ್ಯಾಡ್ರಿ. ಅರ್ಥ್ ಸರಿ ಇಲ್ಲಾಂದ್ರೆ ಚಾರ್ಜರ್ ಕೆಂಪು ಲೈಟ್ ತೋರಿಸಿ ಸುಮ್ನ ಕೂಡ್ತದ. ನಮ್ಮ ಎರಿ ಮಣ್ಣು ಬೇಸಿಗೆಯಾಗ ಬಿರುಕು ಬಿಡ್ತದಲ್ಲ, ಇದ್ದಲಿ, ಉಪ್ಪು ಹಾಕಿದ ಆ ಗುಂಡಿಗೆ ಆಗಾಗ ನೀರು ಹಾಕ್ತಿರಬೇಕು. ಕರೆಂಟ್ ಹೋಗ್ತದಲ್ಲ ಅಂತೀರಿ, ಹೋಗ್ತದ. ಆದ್ರೆ ದಿನದ 60 ಕಿಲೋಮೀಟರ್‌ಗೆ ಮೂರು ತಾಸು ಚಾರ್ಜ್ ಸಾಕು, ರಾತ್ರಿಯಾಗ ಅಷ್ಟು ಸಿಕ್ಕೇ ಸಿಗ್ತದ.

ಈಗ ಕಾರಿನ ಬಿಲ್ 1,500ರ ಒಳಗೆ ಬರ್ತಿದೆ. ಮನೆಯದು ಮತ್ತೆ ಸೊನ್ನೆ. ಉಳಿತಾಯ 7,100, ಇಎಂಐ 6,640. ತಿಂಗಳಿಗೆ 460 ರೂಪಾಯಿ ಪಾಸು! ದೊಡ್ಡ ಲಾಭ ಏನಲ್ಲ, ಐದು ವರ್ಷ ಹಂಗೇ ಹೋಗ್ತದ. ಸಾಲ ತೀರಿದ ಮೇಲೆ ಪೂರ್ತಿ ನಮ್ಮದು. ಬ್ಯಾಟರಿ ವಾರಂಟಿ 8 ವರ್ಷ ಅಥವಾ 1 ಲಕ್ಷ 60 ಸಾವಿರ ಕಿಲೋಮೀಟರ್. ನಮ್ಮ ಓಟಕ್ಕೆ 8 ವರ್ಷಕ್ಕೆ 1 ಲಕ್ಷ 44 ಸಾವಿರ ಆಗ್ತದ, ಅದರೊಳಗೇ ಬಂತು.

ಇದನ್ನ ಕೇಳಿ ಬೀಳಗಿಯ ನಮ್ಮ ಕಾಕಾ ಹುರುಪಿಗೆ ಬಿದ್ರು. ನಾಳೆನೇ ಬುಕ್ ಮಾಡ್ತೀನಿ ಅಂದ್ರು. ಅವರ ಓಡಾಟ ಎಷ್ಟು? ವಾರಕ್ಕೊಮ್ಮೆ ಬಾಗಲಕೋಟೆ, ಒಂದೆರಡು ಮದುವಿ, ತಿಂಗಳಿಗೆ 400 ಕಿಲೋಮೀಟರ್. ಪೆಟ್ರೋಲ್‌ಗೆ 2,300 ಆಗ್ತದ. ಈವಿ ಆದ್ರೆ 400. ಉಳಿಯೋದು 1,900. ಆ 3 ಲಕ್ಷ 20 ಸಾವಿರ ವಾಪಸ್ ಬರಲಿಕ್ಕೆ ಬಡ್ಡಿ ಬಿಟ್ಟೇ 14 ವರ್ಷ ಬೇಕು. ವಾರಂಟಿ ಮುಗಿದು ಆರು ವರ್ಷ ಆಗಿರ್ತದ ಆಗ.

"ಕಾಕಾ, ನಿಮಗ ಪೆಟ್ರೋಲೇ ಛಲೋ" ಅಂದೆ. ಸಿಟ್ಟಿಗೆ ಬಂದ್ರು. "ನೀ ತಗೊಂಡಿ, ನನಗ ಬ್ಯಾಡ ಅಂತಿ" ಅಂದ್ರು. ಹಾಳೆ ಮೇಲೆ ಬರೆದು ಕೊಟ್ಟು ಬಂದೀನಿ. ಇನ್ನೂ ಫೋನ್ ಮಾಡಿಲ್ಲ.