ನಗರದ ನೀರು ಮತ್ತು ಖಾಸಗಿ ಸಹಭಾಗಿತ್ವ



ಕುಡಿಯುವ ನೀರಿನ ಪೂರೈಕೆಯಲ್ಲಿ ಖಾಸಗಿ ವಲಯದ ಪಾತ್ರವೆಂದೊಡನೆ ಸಭೆ ಎರಡು ಪಕ್ಷವಾಗುವುದು ವಾಡಿಕೆ. ಒಂದು ಪಕ್ಷಕ್ಕೆ ಅದು ಸಕಲ ರೋಗಕ್ಕೂ ಮದ್ದು; ಇನ್ನೊಂದಕ್ಕೆ ನೀರಿನ ಮಾರಾಟ. ವಾಸ್ತವವಾಗಿ ಈ ಒಂದೇ ಹೆಸರಿನಡಿ ಹಲವು ಬಗೆಯ ಒಪ್ಪಂದಗಳು ಅಡಗಿವೆ. ಪಂಪುಗಳ ನಿರ್ವಹಣೆಯನ್ನು ಗುತ್ತಿಗೆ ಕೊಡುವುದೂ ಸಹಭಾಗಿತ್ವವೇ. ಇಡೀ ನಗರದ ನೀರಿನ ವ್ಯವಸ್ಥೆಯನ್ನು ಹತ್ತಾರು ವರ್ಷ ಕಂಪನಿಯೊಂದಕ್ಕೆ ವಹಿಸುವುದೂ ಸಹಭಾಗಿತ್ವವೇ. ಚೆನ್ನೈ ಸಮೀಪದ ಮಿಂಜೂರಿನಲ್ಲಿ 2010ರಲ್ಲಿ ಆರಂಭವಾದ, ದಿನಕ್ಕೆ 10 ಕೋಟಿ ಲೀಟರ್ ಸಾಮರ್ಥ್ಯದ ಸಮುದ್ರಜಲ ಶುದ್ಧೀಕರಣ ಘಟಕದಲ್ಲಿ ಖಾಸಗಿ ಸಂಸ್ಥೆ ನೀರನ್ನು ಸಿದ್ಧಪಡಿಸಿ ಜಲಮಂಡಳಿಗೆ ಮಾರುವ ಒಪ್ಪಂದವಿತ್ತು; ಮನೆಗೆ ತಲುಪಿಸುವ ಹೊಣೆ ಮಂಡಳಿಯದೇ ಆಗಿತ್ತು.

ಕರ್ನಾಟಕದ ಅನುಭವವನ್ನು ತುಸು ವಿವರವಾಗಿ ನೋಡೋಣ. ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಗಳಲ್ಲಿ ಕೆಲವು ದಿನಗಳಿಗೊಮ್ಮೆ, ಅದೂ ಕೆಲವು ತಾಸು ಮಾತ್ರ ನೀರು ಬರುತ್ತಿದ್ದ ಕಾಲವದು. ವಿಶ್ವ ಬ್ಯಾಂಕಿನ ನೆರವಿನ ಯೋಜನೆಯಡಿ 2005ರಲ್ಲಿ ಆಯ್ದ ವಾರ್ಡುಗಳನ್ನು ಫ್ರಾನ್ಸಿನ ವೆಯೋಲಿಯಾ ಸಮೂಹದ ಸಂಸ್ಥೆಗೆ ನಿರ್ವಹಣೆಗಾಗಿ ವಹಿಸಲಾಯಿತು. ಕೊಳವೆಗಳು ನಗರಪಾಲಿಕೆಯ ಸ್ವತ್ತಾಗಿಯೇ ಉಳಿದವು; ದರ ನಿಗದಿ ಕಂಪನಿಯ ಕೈಗೆ ಹೋಗಲಿಲ್ಲ; ಕಂಪನಿಗೆ ಸಲ್ಲುತ್ತಿದ್ದುದು ಶುಲ್ಕ, ಅದರಲ್ಲೊಂದು ಭಾಗ ಕಾರ್ಯಸಾಧನೆಗೆ ಅನುಗುಣವಾಗಿ. ಹಳೆಯ ಕೊಳವೆಗಳನ್ನು ಬದಲಿಸಿ, ಮನೆಮನೆಗೆ ಮೀಟರು ಅಳವಡಿಸಿ, 2008ರ ವೇಳೆಗೆ ಆ ವಾರ್ಡುಗಳಲ್ಲಿ ಹಗಲಿರುಳು ನೀರು ಹರಿಯಿತು.

ಇದು ಕೇವಲ ಅನುಕೂಲದ ಮಾತಲ್ಲ. ನೀರು ನಿಂತಾಗ ಕೊಳವೆಯಲ್ಲಿ ಒತ್ತಡ ಕುಸಿಯುತ್ತದೆ. ಸುತ್ತಲಿನ ಕೊಳಚೆ ಬಿರುಕುಗಳಿಂದ ಒಳನುಸುಳುತ್ತದೆ. ಹುಬ್ಬಳ್ಳಿ-ಧಾರವಾಡದಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬಿಟ್ಟು ಬಿಟ್ಟು ಬರುವ ನಲ್ಲಿ ನೀರಿನ ಮಾದರಿಗಳ ಪೈಕಿ ಸುಮಾರು ಮೂರರಲ್ಲೊಂದರಲ್ಲಿ ಮಲಸಂಬಂಧಿ ಸೂಕ್ಷ್ಮಾಣುಗಳಿದ್ದವು. ನಿರಂತರ ಪೂರೈಕೆಯಲ್ಲಿ ನೂರಕ್ಕೆ ಒಂದರಷ್ಟೂ ಇರಲಿಲ್ಲ.

ಹಾಗಾದರೆ ಕಂಪನಿಯಿಂದಲೇ ಇದೆಲ್ಲ ಸಾಧ್ಯವಾಯಿತೇ? ಅಷ್ಟು ಸುಲಭವಾಗಿ ಹೇಳಲಾಗದು. ಕೊಳವೆಗಳ ಖರ್ಚನ್ನು ಭರಿಸಿದುದು ಸಾರ್ವಜನಿಕ ಹಣ, ಖಾಸಗಿ ಬಂಡವಾಳವಲ್ಲ. ಒಡಿಶಾದ ಪುರಿ ನಗರದಲ್ಲಿ ಸರ್ಕಾರಿ ಸಂಸ್ಥೆಯೇ 2021ರಲ್ಲಿ ನಲ್ಲಿಯಿಂದ ನೇರವಾಗಿ ಕುಡಿಯಬಹುದಾದ ನೀರನ್ನು ದಿನವಿಡೀ ಒದಗಿಸಿತು. ಇನ್ನು, ಹುಬ್ಬಳ್ಳಿಯ ಪಕ್ಕದ ಬೀದಿಗಳವರು ಕಾಯುತ್ತಲೇ ಉಳಿದರು: ಯೋಜನೆಯ ವಿಸ್ತರಣೆಗೆ ವಿಶ್ವ ಬ್ಯಾಂಕಿನ ಸಾಲ ಮಂಜೂರಾದುದು 2016ರಲ್ಲಿ. ಪ್ರಾತ್ಯಕ್ಷಿಕೆಯ ವಾರ್ಡುಗಳಲ್ಲಿ ಬೀದಿ ನಲ್ಲಿಗಳನ್ನು ತೆಗೆದುದು ತೀವ್ರ ಟೀಕೆಗೆ ಗುರಿಯಾಯಿತು. ಈ ಟೀಕೆಯನ್ನು ಅಭಿವೃದ್ಧಿಯ ವಿರೋಧವೆಂದು ತಳ್ಳಿಹಾಕುವುದು ನನ್ನ ಮಟ್ಟಿಗೆ ಸರಿಯಲ್ಲ. ಮೀಟರಿಗೆ ದಾಖಲೆ ಬೇಕು, ಬೀದಿ ನಲ್ಲಿಗೆ ಬೇಕಾದುದು ಕೊಡ ಮಾತ್ರ.

ಸಂವಿಧಾನದ 74ನೆಯ ತಿದ್ದುಪಡಿಯು ನೀರು ಪೂರೈಕೆಯನ್ನು ನಗರ ಸ್ಥಳೀಯ ಸಂಸ್ಥೆಗಳ ಕಾರ್ಯಗಳ ಪಟ್ಟಿಯಲ್ಲಿ ಸೇರಿಸಿದೆ. ಆದ್ದರಿಂದ ಒಪ್ಪಂದದ ಕರಡು ಮೊದಲು ತಲುಪಬೇಕಾದುದು ಚುನಾಯಿತ ಸದಸ್ಯರಿಗೆ ಹಾಗೂ ನಾಗರಿಕರಿಗೆ. ದೆಹಲಿಯಲ್ಲಿ 2005ರಲ್ಲಿ, ಮುಂಬಯಿಯ ಅಂಧೇರಿ ಪೂರ್ವ ಭಾಗದ ಕೆ-ಪೂರ್ವ ವಾರ್ಡಿನಲ್ಲಿ 2007ರ ಸುಮಾರಿಗೆ, ಇಂತಹ ಪ್ರಸ್ತಾವಗಳು ಸಾರ್ವಜನಿಕ ವಿರೋಧ ಎದುರಾಗಿ ಹಿಂದೆ ಸರಿದವು. ಪ್ಯಾರಿಸ್ ನಗರವಂತೂ ಇಪ್ಪತ್ತೈದು ವರ್ಷ ಖಾಸಗಿಯವರ ಕೈಯಲ್ಲಿದ್ದ ವಿತರಣೆಯನ್ನು 2010ರಲ್ಲಿ ತಾನೇ ಮರಳಿ ವಹಿಸಿಕೊಂಡಿತು.

ಆದರೆ ವ್ಯವಸ್ಥೆ ಸಾರ್ವಜನಿಕವಾಗಿದ್ದ ಮಾತ್ರಕ್ಕೆ ಬಡವನಿಗೆ ನೀರು ತಾನಾಗಿ ದೊರೆಯುವುದೂ ಇಲ್ಲ. 2000ನೆಯ ಇಸವಿಯ ಬಳಿಕ ಎದ್ದ ಜೋಪಡಿಗಳಿಗೆ ಮುಂಬಯಿ ಮಹಾನಗರಪಾಲಿಕೆ ನೀರು ಕೊಡುತ್ತಿರಲಿಲ್ಲ. ಅವರಿಗೂ ನೀರು ಒದಗಿಸಲು ನೀತಿ ರೂಪಿಸಬೇಕೆಂದು ಬಾಂಬೆ ಹೈಕೋರ್ಟು 2014ರ ಡಿಸೆಂಬರಿನಲ್ಲಿ ಆದೇಶಿಸಿತು. ಬದುಕುವ ಹಕ್ಕಿನಲ್ಲಿ ನೀರೂ ಸೇರಿದೆ ಎಂಬುದು ಅದಕ್ಕಿದ್ದ ಆಧಾರ. ಅವರಿಂದ ಹೆಚ್ಚಿನ ದರ ಪಡೆಯಲು ಪಾಲಿಕೆಗೆ ಅವಕಾಶವನ್ನೂ ಅದೇ ಆದೇಶ ನೀಡಿತು.